33 ನಿಮಿಷದ ಒಂದು ರೆಕಾರ್ಡ್, 3 ವಾರದ ಅಭ್ಯಾಸ: ಜಾಝ್ ಕೇಳುತ್ತಾ ಕಿವಿ ತೆರೆದುಕೊಳ್ಳುವ ದಾರಿ

ಮೊದಲು ಒಂದು ಇಯರ್‌ಫೋನ್ ಹುಡುಕಿಟ್ಟುಕೊಳ್ಳಿ. ದುಬಾರಿಯದ್ದೇನೂ ಬೇಡ. ಆದರೆ ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಅದರಲ್ಲಿ ಬೇಸ್ ವಾದ್ಯದ ಕೆಳದನಿ ಹೆಚ್ಚುಕಮ್ಮಿ ಕೇಳಿಸುವುದೇ ಇಲ್ಲ. ಇಲ್ಲಿ ನಾನು ಹೇಳಹೊರಟಿರುವ ಅರ್ಧ ವಿಷಯ ಆ ಕೆಳದನಿಯಲ್ಲೇ ಇದೆ.

ಜಾಝ್ ಅಂದರೆ ಮನಸ್ಸಿಗೆ ಬಂದದ್ದನ್ನು ನುಡಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆರು ವರ್ಷ ಒಂದೇ ರೆಕಾರ್ಡನ್ನು ಮತ್ತೆ ಮತ್ತೆ ಕೇಳಿದ ಮೇಲೆ ಬೇರೇನೋ ಅರ್ಥ ಆಯ್ತು. ಒಳ್ಳೆಯ ಜಾಝ್ ಕಲಾವಿದ ನುಡಿಸುವುದಕ್ಕಿಂತ ಜಾಸ್ತಿ ಕೇಳುತ್ತಾನೆ. ಪಕ್ಕದವನು ಈಗ ಏನು ಮಾಡಿದ ಅಂತ ಕೇಳಿ, ಅದಕ್ಕೆ ತಕ್ಕ ಉತ್ತರ ಕೊಡುತ್ತಾನೆ. ಆ ಕೇಳುವಿಕೆ ನನ್ನ ಮನೆಯಲ್ಲಿ, ನನ್ನ ಅಮ್ಮನ ಜೊತೆ, ತುಂಬಾ ಕಷ್ಟದ ಎರಡು ವರ್ಷಗಳಲ್ಲಿ ಕೆಲಸಕ್ಕೆ ಬಂತು. ಅದನ್ನು ಐದನೇ ಹಂತದಲ್ಲಿ ಹೇಳುತ್ತೇನೆ. ನಿಮಗೆ ಜಾಝ್ ಒಂಚೂರೂ ಗೊತ್ತಿಲ್ಲದಿದ್ದರೂ ಈ ಅಭ್ಯಾಸ ಮಾಡಬಹುದು. ಭಜನೆಯನ್ನೋ ಸಂಗೀತ ಕಛೇರಿಯನ್ನೋ ಕೇಳಿ ಬೆಳೆದಿದ್ದರೆ ಇನ್ನೂ ಸುಲಭ.

ಹಂತ 1: ರೆಕಾರ್ಡ್, ಜಾಗ, ಹೊತ್ತು

ರೆಕಾರ್ಡಿನ ಹೆಸರು 'ಎ ಲವ್ ಸುಪ್ರೀಮ್'. ಪರಮ ಪ್ರೀತಿ ಅನ್ನಬಹುದು. ಜಾನ್ ಕೋಲ್ಟ್ರೇನ್ ಇದನ್ನು 1964ರ ಡಿಸೆಂಬರ್ 9ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ, ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ನುಡಿಸಿದರು. ಸ್ಯಾಕ್ಸೊಫೋನ್ ಅವರದ್ದು. ಪಿಯಾನೊ ಮಕಾಯ್ ಟೈನರ್, ಬೇಸ್ ಜಿಮ್ಮಿ ಗ್ಯಾರಿಸನ್, ಡ್ರಮ್ಸ್ ಎಲ್ವಿನ್ ಜೋನ್ಸ್. ನಾಲ್ಕೇ ಜನ, ಒಂದೇ ದಿನದ ಕೆಲಸ.

ಇದರಲ್ಲಿ ನಾಲ್ಕು ಭಾಗಗಳಿವೆ. ಇಂಗ್ಲಿಷ್ ಹೆಸರುಗಳನ್ನು ಕನ್ನಡಕ್ಕೆ ತಂದರೆ ಒಪ್ಪಿಕೊಳ್ಳುವುದು, ನಿಶ್ಚಯ, ಬೆನ್ನುಹತ್ತುವುದು, ಕೀರ್ತನೆ. ಕೊನೆಯದು ಕನ್ನಡ ಬೈಬಲ್ಲಿನಲ್ಲಿ 'ಕೀರ್ತನೆಗಳು' ಅಂತ ಬರುತ್ತದಲ್ಲ, ಅದೇ ಪದ. ಈ ಕ್ರಮ ತಪ್ಪಬಾರದು. ಆ್ಯಪ್‌ನಲ್ಲಿ ಕೇಳುವುದಾದರೆ ಶಫಲ್ ಆಫ್ ಮಾಡಿ. ಮಧ್ಯೆ ಜಾಹೀರಾತು ಬರುವ ಆ್ಯಪ್ ಬೇಡ. ನಾಲ್ಕನೇ ಭಾಗಕ್ಕೆ ಮುಂಚೆ ಯಾರೋ ಬಂದು ಸಾಲ ಬೇಕಾ ಅಂತ ಕೇಳಿದರೆ ಅಷ್ಟು ಹೊತ್ತು ಕೂತದ್ದು ವ್ಯರ್ಥ. ಕೆಲವು ಕಡೆ ಮೂರು ಮತ್ತು ನಾಲ್ಕನೇ ಭಾಗ ಸೇರಿ ಒಂದೇ ಟ್ರ್ಯಾಕ್ ಆಗಿರುತ್ತದೆ, ಗಾಬರಿಯಾಗಬೇಡಿ.

ರಾತ್ರಿ ಊಟ ಆಗಿ, ಪಾತ್ರೆ ತೊಳೆದು, ಮನೆ ತಣ್ಣಗಾದ ಮೇಲಿನ ಹೊತ್ತು ಒಳ್ಳೆಯದು. ಮೊದಲ ವಾರ ಅಡುಗೆ ಮಾಡುತ್ತಲೋ ಗಾಡಿ ಓಡಿಸುತ್ತಲೋ ಕೇಳಬೇಡಿ. ಕೂತು ಕೇಳಿ. ದಿನಾ ಪೂರ್ತಿ 33 ನಿಮಿಷ ಆಗದಿದ್ದರೆ ಒಂದೊಂದು ದಿನ ಒಂದೊಂದು ಭಾಗ ಸಾಕು.

ಹಂತ 2: 1957ರ ಕಥೆ ತಿಳಿದುಕೊಳ್ಳಿ, ನಿಮ್ಮದನ್ನು ಬರೆಯಿರಿ

ಯಾರು ನುಡಿಸುತ್ತಿದ್ದಾರೆ ಅಂತ ಗೊತ್ತಿಲ್ಲದೆಯೂ ಈ ಸಂಗೀತ ಚೆನ್ನಾಗಿಯೇ ಇರುತ್ತದೆ. ಗೊತ್ತಿದ್ದರೆ ಬೇರೆಯೇ ಆಗುತ್ತದೆ.

ಕೋಲ್ಟ್ರೇನ್ 1926ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಹುಟ್ಟಿದವರು. ಇಬ್ಬರು ಅಜ್ಜಂದಿರೂ ಚರ್ಚಿನ ಪಾದ್ರಿಗಳು. 12ನೇ ವಯಸ್ಸಿನಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ತಂದೆಯನ್ನೂ ತಾಯಿಯ ತಂದೆಯನ್ನೂ ಕಳೆದುಕೊಂಡರು. 1955ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡಕ್ಕೆ ಸೇರಿದರು. ಆ ಕಾಲಕ್ಕೆ ಜಾಝ್ ಕಲಾವಿದನಿಗೆ ಅದಕ್ಕಿಂತ ದೊಡ್ಡ ಅವಕಾಶ ಇರಲಿಲ್ಲ. ಆದರೆ ಹೆರಾಯಿನ್ ಚಟ, ಕುಡಿತ. 1957ರಲ್ಲಿ ಡೇವಿಸ್ ಇವರನ್ನು ತಂಡದಿಂದ ತೆಗೆದರು. ಕೋಲ್ಟ್ರೇನ್ ಫಿಲಡೆಲ್ಫಿಯಾದ ತಾಯಿ ಮನೆಗೆ ಹೋದರು. ಅಲ್ಲಿ ಎರಡೂ ಚಟ ಬಿಟ್ಟರು. ಅದೇ ವರ್ಷ ನ್ಯೂಯಾರ್ಕಿನ ಫೈವ್ ಸ್ಪಾಟ್ ಅನ್ನುವ ಸಣ್ಣ ಕ್ಲಬ್‌ನಲ್ಲಿ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಜೊತೆ ತಿಂಗಳುಗಟ್ಟಲೆ ನುಡಿಸಿದರು. ಹೊಸ ಮನುಷ್ಯನಾಗಿ ಎದ್ದು ಬಂದರು.

ಏಳು ವರ್ಷದ ನಂತರ ಈ ರೆಕಾರ್ಡಿನ ಕವರಿನ ಮೇಲೆ ಕೇಳುಗರಿಗೆ ಒಂದು ಪತ್ರ ಬರೆದರು. 1957ರಲ್ಲಿ ದೇವರ ದಯೆಯಿಂದ ತನಗೆ ಎಚ್ಚರವಾಯಿತು, ಸಂಗೀತದ ಮೂಲಕ ಬೇರೆಯವರಿಗೆ ಸಂತೋಷ ಕೊಡುವ ದಾರಿ ತೋರಿಸು ಅಂತ ಆಗ ಬೇಡಿಕೊಂಡೆ ಅಂತ ಅದರಲ್ಲಿದೆ. ನನಗೆ ಮುಖ್ಯ ಅನ್ನಿಸುವುದು ಅದರ ಮುಂದಿನ ಮಾತು. ಆಮೇಲೆ ಕೆಲವು ಕಾಲ ಆ ಮಾತಿಗೆ ತಪ್ಪಿ ನಡೆದೆ, ದಾರಿ ಬಿಟ್ಟೆ, ಈಗ ಮತ್ತೆ ತಿಳಿದುಕೊಂಡೆ ಅಂತಲೂ ಒಪ್ಪಿಕೊಂಡಿದ್ದಾರೆ. ಒಂದು ಸಲ ಎಚ್ಚರವಾದವನಿಗೂ ಮತ್ತೆ ಜೋಂಪು ಹತ್ತುತ್ತದೆ. ಹೊಸ ವರ್ಷಕ್ಕೆ ಮಾಡಿದ ಸಂಕಲ್ಪ ಫೆಬ್ರವರಿಯಲ್ಲಿ ಮುರಿದಾಗ ನಾವು ಸೋತೆವು ಅಂದುಕೊಳ್ಳುತ್ತೇವೆ. ಆ ಪತ್ರ ಓದಿದ ಮೇಲೆ ನಾನು ಹಾಗೆ ಅಂದುಕೊಳ್ಳುವುದನ್ನು ಬಿಟ್ಟೆ.

ಈಗ ನಿಮ್ಮ ಕೆಲಸ. ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ 1957 ಯಾವುದು ಅಂತ ಬರೆಯಿರಿ. ಬದುಕು ಒಂದು ತಿರುವು ತೆಗೆದುಕೊಂಡ ವರ್ಷ. ಆ ಹೊತ್ತಿಗೆ ನೀವು ನಿಮಗೇ ಕೊಟ್ಟುಕೊಂಡ ಮಾತೇನು, ಅದನ್ನು ಎಲ್ಲಿ ಬಿಟ್ಟಿರಿ. ಅರ್ಧ ಪುಟ ಸಾಕು. ಯಾರಿಗೂ ತೋರಿಸಬೇಡಿ. ಮೂರನೇ ವಾರದಲ್ಲಿ ಇದು ಬೇಕಾಗುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ಕೋಲ್ಟ್ರೇನ್ ತಾಯಿ ಮನೆ ಸೇರಿ ಚಟ ಬಿಟ್ಟರು ಅಂತ ಯಾರೂ ಹಾಗೆ ಮಾಡಲು ಹೋಗಬೇಡಿ. ವರ್ಷಗಟ್ಟಲೆ ಕುಡಿದವರು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ.

ಹಂತ 3: ಮೊದಲ ವಾರ, ಒಂದು ಸಲಕ್ಕೆ ಒಂದು ವಾದ್ಯ

ಮೊದಲ ದಿನ ಸುಮ್ನೆ ಪೂರ್ತಿ ಕೇಳಿ. ಅರ್ಥ ಮಾಡಿಕೊಳ್ಳಲು ಹೋಗಬೇಡಿ. ಮೂರನೇ ಭಾಗ ಗದ್ದಲ ಅನ್ನಿಸಬಹುದು. ನನಗೂ ಅನ್ನಿಸಿತ್ತು.

ಎರಡನೇ ದಿನದಿಂದ ಮೊದಲ ಭಾಗಕ್ಕೆ ಬನ್ನಿ, ಬೇಸ್ ಮಾತ್ರ ಕೇಳಿ. ಶುರುವಿಗೆ ಒಂದು ದೊಡ್ಡ ಜಾಗಟೆಯ ಏಟು ಬೀಳುತ್ತದೆ. ಸ್ಯಾಕ್ಸೊಫೋನ್ ಒಂದು ಕರೆ ಕೊಟ್ಟು ಸುಮ್ಮನಾಗುತ್ತದೆ. ಅರ್ಧ ನಿಮಿಷದೊಳಗೆ ಬೇಸ್ ಒಂಟಿಯಾಗಿ ನಾಲ್ಕು ಸ್ವರ ಹಿಡಿಯುತ್ತದೆ. ಅವನ್ನು ನಮ್ಮ ಹೆಸರಿನಲ್ಲಿ ಹೇಳಿದರೆ ಸ ಗ ಸ ಮ. ಸಾಧಾರಣ ಗಾಂಧಾರ, ಶುದ್ಧ ಮಧ್ಯಮ. ಹಾಡಿ ನೋಡಿ. ಮತ್ತೆ ಹಾಡಿ. ಒಂದೆರಡು ಸಲಕ್ಕೇ ಬಾಯಿಗೆ ಬರುತ್ತದೆ.

ಸಂಗೀತ ಕಲಿತವರಿಗೆ ಇನ್ನೊಂದು ಸುಳಿವು. ಈ ಭಾಗ ಹೆಚ್ಚಾಗಿ ಓಡಾಡುವ ಜಾಗ ಸ ಗ ಮ ಪ ನಿ. ಅಂದರೆ ಶುದ್ಧ ಧನ್ಯಾಸಿಯ ಅಂಗಳ. ಮೈಸೂರು ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರ 'ಹಿಮಗಿರಿ ತನಯೇ' ಗೊತ್ತಿದ್ದರೆ ಕಿವಿ ತಾನಾಗಿ ಆ ಮನೆಗೆ ಹೋಗುತ್ತದೆ. ಹಾಗಂತ ಇದು ರಾಗ ಅಲ್ಲ. ಗಮಕ ನಮ್ಮದಲ್ಲ, ಮಧ್ಯೆ ಹೊರಗಿನ ಸ್ವರಗಳೂ ಬರುತ್ತವೆ. ಬಾಗಿಲು ಪರಿಚಿತ, ಮನೆ ಬೇರೆಯವರದ್ದು. ಹೀಗೆ ಅಂದುಕೊಂಡು ಒಳಗೆ ಹೋದರೆ ಚೆನ್ನ.

ಬೇಸನ್ನು ಮೂರು ದಿನ ಕೇಳಿದಾಗ ಒಂದು ವಿಷಯ ಗಮನಕ್ಕೆ ಬರುತ್ತದೆ. ಸ್ಯಾಕ್ಸೊಫೋನ್ ಎಷ್ಟೇ ಮೇಲೆ ಹಾರಲಿ, ಗ್ಯಾರಿಸನ್ ಆ ನಾಲ್ಕು ಸ್ವರದ ಸುತ್ತಮುತ್ತಲೇ ಇರುತ್ತಾರೆ. ಸ್ವಲ್ಪ ಬದಲಾಯಿಸುತ್ತಾರೆ, ಆಚೀಚೆ ಹೋಗುತ್ತಾರೆ, ತಿರುಗಿ ಬರುತ್ತಾರೆ. ಯಾರೂ ಅವರನ್ನು ನೋಡಿ ಚಪ್ಪಾಳೆ ಹೊಡೆಯುವುದಿಲ್ಲ. ಅವರಿಲ್ಲದಿದ್ದರೆ ಹಾರುವವನಿಗೆ ನೆಲವೇ ಇಲ್ಲ. ನಿಮ್ಮ ಮನೆಯಲ್ಲಿ ಆ ಬೇಸ್ ಯಾರು? ಬೆಳಗ್ಗೆ ಐದೂವರೆಗೆ ಎದ್ದು ಹಾಲು ಕಾಯಿಸಿಡುವವರು ಯಾರು? ಈ ವಾರ ಮುಗಿಯುವುದರೊಳಗೆ ಅವರ ಹತ್ತಿರ ಹೋಗಿ ಒಂದು ಮಾತು ಹೇಳಿ.

ಐದನೇ ದಿನ ಡ್ರಮ್ಸ್. ಎಲ್ವಿನ್ ಜೋನ್ಸ್‌ಗೆ ತಾಳ ಹಾಕಲು ಹೋದರೆ ಕೈ ತಪ್ಪುತ್ತದೆ. ಎರಡು ಮೂರು ನಡೆಗಳು ಒಟ್ಟೊಟ್ಟಿಗೆ ಹೋಗುತ್ತಿರುತ್ತವೆ. ಒಂದನ್ನು ಹಿಡಿದುಕೊಂಡು ಉಳಿದದ್ದನ್ನು ಬಿಡಿ. ಆರನೇ ದಿನ ಪಿಯಾನೊ. ಏಳನೇ ದಿನ ಮತ್ತೆ ಪೂರ್ತಿ. ಮೊದಲ ದಿನ ಗದ್ದಲ ಅನ್ನಿಸಿದ್ದು ಈಗ ನಾಲ್ಕು ಜನರ ಮಾತುಕತೆ ಆಗಿರುತ್ತದೆ.

ಹಂತ 4: ಒಂದೇ ಮಾತು, 12 ಮನೆ

ಮೊದಲ ಭಾಗದ ಐದನೇ ನಿಮಿಷದ ಹತ್ತಿರ ಹೋಗಿ. ಕೋಲ್ಟ್ರೇನ್ ಬೇಸಿನ ಆ ನಾಲ್ಕು ಸ್ವರವನ್ನು ತಾವೇ ಎತ್ತಿಕೊಳ್ಳುತ್ತಾರೆ. ಒಂದು ಶ್ರುತಿಯಲ್ಲಿ ನುಡಿಸುತ್ತಾರೆ. ಇನ್ನೊಂದರಲ್ಲಿ. ಮತ್ತೊಂದರಲ್ಲಿ. ಕೆಳಗೆ ತಂಡ ತನ್ನ ಶ್ರುತಿಯಲ್ಲೇ ಇದೆ, ಇವರು ಮಾತ್ರ ಮನೆ ಮನೆಗೆ ಹೋಗಿ ಬಾಗಿಲು ಬಡಿಯುತ್ತಿದ್ದಾರೆ. ಒಟ್ಟು 12 ಸ್ವರಸ್ಥಾನ ಅಲ್ವಾ, ಹನ್ನೆರಡರಲ್ಲೂ ಆ ಮಾತು ಹೇಳಿಬಿಡುತ್ತಾರೆ. ಆಮೇಲೆ, ಆರು ನಿಮಿಷ ದಾಟಿದಾಗ, ವಾದ್ಯ ಕೆಳಗಿಟ್ಟು ಬಾಯಲ್ಲೇ ಹೇಳಲು ಶುರುಮಾಡುತ್ತಾರೆ. ರೆಕಾರ್ಡಿನ ಹೆಸರೇ ಆ ಜಪ. ಅಲ್ಲಿಯವರೆಗೆ ಬೇಸ್ ಹೇಳುತ್ತಿದ್ದದ್ದು ಇದನ್ನೇ ಅಂತ ಆಗ ಗೊತ್ತಾಗುತ್ತದೆ.

ಇದರ ಅರ್ಥ ಏನು ಅಂತ ಅವರು ರೆಕಾರ್ಡಿನಲ್ಲಿ ವಿವರಿಸಿಲ್ಲ. ನನಗೆ ಕೇಳಿಸುವುದು ಇಷ್ಟು: ಈ ಪ್ರೀತಿ ಎಲ್ಲ ಕಡೆ ಇದೆ, ಒಂದು ಶ್ರುತಿಯ ಸ್ವತ್ತಲ್ಲ. ನಮ್ಮಜ್ಜಿ ಅಕ್ಕಿ ಆರಿಸುವಾಗಲೂ, ಬತ್ತಿ ಹೊಸೆಯುವಾಗಲೂ, ಬಸ್ಸಿಗೆ ಕಾಯುವಾಗಲೂ ತುಟಿ ಅಲ್ಲಾಡಿಸುತ್ತಲೇ ಇರುತ್ತಿದ್ದಳು. ಕೆಲಸ ಬದಲಾಗುತ್ತಿತ್ತು, ನಾಮ ಬದಲಾಗುತ್ತಿರಲಿಲ್ಲ.

ಅಭ್ಯಾಸ ಹೀಗೆ. ನಿಮ್ಮದೊಂದು ಸಣ್ಣ ಮಾತು ಆರಿಸಿಕೊಳ್ಳಿ. ದೇವರ ಹೆಸರಾದರೂ ಸರಿ, 'ತಾಳ್ಮೆ' ಅನ್ನುವ ಒಂದು ಪದವಾದರೂ ಸರಿ. ಅದನ್ನು ಒಂದು ದಿನದಲ್ಲಿ 12 ಬೇರೆ ಬೇರೆ ಜಾಗದಲ್ಲಿ ನೆನಪಿಸಿಕೊಳ್ಳಿ. ಪೂಜೆಯ ಹೊತ್ತಲ್ಲಿ ನೆನಪಾಗುವುದು ಸುಲಭ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ? ಮೇಲಧಿಕಾರಿಯ ಈಮೇಲ್ ತೆರೆಯುವಾಗ? ಮಗ ಮೂರನೇ ಸಲ ಹಾಲು ಚೆಲ್ಲಿದಾಗ? ಎಂಟನೇ ಜಾಗಕ್ಕೆ ಬರುವ ಹೊತ್ತಿಗೆ ಆ ಮಾತು ನಿಜಕ್ಕೂ ನಿಮ್ಮದಾ ಅಂತ ತಿಳಿಯುತ್ತದೆ. ನನಗೆ ಒಂದೇ ದಿನದಲ್ಲಿ ಹನ್ನೆರಡು ಇವತ್ತಿಗೂ ಆಗಿಲ್ಲ. ಒಂಬತ್ತು ಆಗಿದೆ.

ಹಂತ 5: ಎರಡನೇ ವಾರ, ಪಕ್ಕವಾದ್ಯದ ವಾರ

ಇದು ಈ ಅಭ್ಯಾಸದ ಹೃದಯ. ಇಲ್ಲಿ ನಿಧಾನವಾಗಿ ಹೋಗಿ.

ಒಬ್ಬರು ಸೋಲೋ ನುಡಿಸುವಾಗ, ಅಂದರೆ ಒಬ್ಬರೇ ಮುಂದಾಗಿ ನುಡಿಸುವಾಗ, ಪಿಯಾನೊದವರು ಹಿಂದೆ ತುಂಡು ತುಂಡಾಗಿ ಕಾರ್ಡ್‌ಗಳನ್ನು, ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ, ಒತ್ತುತ್ತಿರುತ್ತಾರೆ. ಅದಕ್ಕೆ ಜಾಝ್‌ನವರು 'ಕಾಂಪಿಂಗ್' ಅನ್ನುತ್ತಾರೆ. ನಮ್ಮ ಪಕ್ಕವಾದ್ಯ ಅನ್ನಿ. ಒಳ್ಳೆಯ ಕಾಂಪಿಂಗ್ ಮುಂದಿನವರ ಮಾತಿಗೆ ಹೂಂಗುಡುತ್ತದೆ, ಒಮ್ಮೊಮ್ಮೆ ಪ್ರಶ್ನೆ ಕೇಳುತ್ತದೆ, ತಿದ್ದಲು ಮಾತ್ರ ಹೋಗುವುದಿಲ್ಲ. ಎರಡನೇ ಭಾಗದಲ್ಲಿ ಕೋಲ್ಟ್ರೇನ್ ನುಡಿಸುವಾಗ ಟೈನರ್ ಹಿಂದೆ ಏನು ಮಾಡುತ್ತಾರೆ ಅಂತ ಕೇಳಿ. ಎಲ್ಲಿ ಸುಮ್ಮನಿರುತ್ತಾರೆ ಅನ್ನುವುದನ್ನು ಇನ್ನೂ ಗಮನವಿಟ್ಟು ಕೇಳಿ.

ಹರ್ಬಿ ಹ್ಯಾನ್‌ಕಾಕ್ ಅನ್ನುವ ಪಿಯಾನೊ ವಾದಕರು ಹಲವು ಸಲ ಹೇಳಿಕೊಂಡಿರುವ ಘಟನೆ ಒಂದಿದೆ. 1960ರ ದಶಕ, ಜರ್ಮನಿಯ ಸ್ಟುಟ್‌ಗಾರ್ಟ್. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮೈಲ್ಸ್ ಡೇವಿಸ್ ಟ್ರಂಪೆಟ್ ಸೋಲೋದ ತುತ್ತತುದಿಯಲ್ಲಿದ್ದಾಗ ಹ್ಯಾನ್‌ಕಾಕ್ ಪೂರ್ತಿ ತಪ್ಪು ಕಾರ್ಡ್ ಒತ್ತಿಬಿಟ್ಟರು. ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತಂತೆ. ಡೇವಿಸ್ ಒಂದು ಕ್ಷಣ ನಿಂತರು. ಆಮೇಲೆ ಆ ತಪ್ಪು ಕಾರ್ಡ್ ಸರಿಯಾಗಿಬಿಡುವಂಥ ಕೆಲವು ಸ್ವರಗಳನ್ನು ನುಡಿಸಿದರು. ಡೇವಿಸ್‌ಗೆ ಅದು ತಪ್ಪು ಅಂತ ಕೇಳಿಸಲೇ ಇಲ್ಲ, ಆಗಿಹೋದ ಒಂದು ಸಂಗತಿ ಅಂತ ಕೇಳಿಸಿತು ಅನ್ನುತ್ತಾರೆ ಹ್ಯಾನ್‌ಕಾಕ್. ಅದಕ್ಕೆ ಹೊಂದುವ ಮುಂದಿನ ಸ್ವರ ಹುಡುಕುವುದು ತನ್ನ ಜವಾಬ್ದಾರಿ ಅಂದುಕೊಂಡರು, ಅಷ್ಟೇ.

ಈ ಘಟನೆ ನನಗೆ ತುಂಬಾ ದಿನದಿಂದ ಗೊತ್ತಿತ್ತು. ಅರ್ಥ ಆದದ್ದು ಅಮ್ಮನಿಂದ.

ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾದ ಮೇಲೆ ದಿನಾ ಸಂಜೆ ಏಳು ಗಂಟೆ ಹೊತ್ತಿಗೆ ಒಂದೇ ಪ್ರಶ್ನೆ. "ನಿಮ್ಮಪ್ಪ ಇನ್ನೂ ಬಂದಿಲ್ವೇನೋ? ಸಾರು ಆರಿಹೋಗತ್ತೆ." ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ನಾನು ನಿಜ ಹೇಳುತ್ತಿದ್ದೆ. ನಿಜ ಹೇಳಬೇಕಲ್ವಾ? "ಅಮ್ಮಾ, ಅಪ್ಪ ಇಲ್ಲ, ಮರೆತುಹೋಯ್ತಾ?" ಪ್ರತಿ ಸಲವೂ ಅವಳಿಗೆ ಅದು ಹೊಸ ಸುದ್ದಿ. ಪ್ರತಿ ಸಲವೂ ಹೊಸದಾಗಿ ಅಳುತ್ತಿದ್ದಳು. ನಾಳೆ ಸಂಜೆ ಮತ್ತೆ ಸಾರು, ಮತ್ತೆ ಅಳು. ತಿಂಗಳುಗಟ್ಟಲೆ ನಾನು ಅವಳನ್ನು ತಿದ್ದಿದೆ.

ಒಂದು ಸಂಜೆ ನಾನು ಮಾತಾಡದೆ ಒಂದು ಕ್ಷಣ ನಿಂತೆ. ಡೇವಿಸ್ ನಿಂತದ್ದು ಆಗ ನೆನಪಿನಲ್ಲಿತ್ತಾ ಗೊತ್ತಿಲ್ಲ. ಆಮೇಲೆ ಕೇಳಿದೆ, "ಅಪ್ಪ ಬರುವಾಗ ಏನ್ ತರ್ತಿದ್ರಮ್ಮಾ?" ಅಮ್ಮನ ಮುಖ ಅರಳಿತು. "ಶುಕ್ರವಾರ ಆದ್ರೆ ಮಲ್ಲಿಗೆ. ಎಲೇಲಿ ಸುತ್ತಿ, ಬಾಳೆನಾರು ಕಟ್ಟಿ. ಕೈಗೆ ಕೊಡ್ತಿರ್ಲಿಲ್ಲ, ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಹೋಗೋರು. ನಾಚಿಕೆ ಅವರಿಗೆ." ನನಗೆ ಗೊತ್ತೇ ಇಲ್ಲದ ಅಪ್ಪ. ಅವತ್ತು ಸಾರು ಬಿಸಿ ಮಾಡಿ ಇಬ್ಬರೂ ಊಟ ಮಾಡಿದೆವು. ಅಳು ಬರಲಿಲ್ಲ. ಮುಂದಿನ ಸಂಜೆಯಿಂದ ಅವಳು ಯಾವ ಸ್ವರ ಎತ್ತುತ್ತಾಳೋ ಅದಕ್ಕೆ ಪಕ್ಕವಾದ್ಯ ಹಿಡಿದೆ. ಎಲ್ಲ ದಿನವೂ ಚೆನ್ನಾಗಿ ಆಗಲಿಲ್ಲ. ಆದರೆ ಅಪ್ಪನ ಬಗ್ಗೆ ಇವತ್ತು ನನಗೆ ಗೊತ್ತಿರುವ ಅರ್ಧ ಕಥೆ ಆ ಸಂಜೆಗಳಿಂದ ಬಂದದ್ದು.

ಈ ವಾರದ ಅಭ್ಯಾಸ: ದಿನಕ್ಕೊಂದು ಮಾತುಕತೆಯಲ್ಲಿ ನೀವು ಪಕ್ಕವಾದ್ಯ ಮಾತ್ರ. ಎದುರಿನವರು ಹೇಳಿದ್ದನ್ನು ತಿದ್ದಬೇಡಿ. ನಿಮ್ಮ ಕಥೆ ತುರುಕಬೇಡಿ. ಅವರ ಕೊನೆಯ ಮಾತನ್ನೇ ಹಿಡಿದು ಒಂದು ಪ್ರಶ್ನೆ ಕೇಳಿ. ಉತ್ತರ ಕೊಡುವ ಮುಂಚೆ ಒಂದು ಉಸಿರಿನಷ್ಟು ನಿಲ್ಲಿ. ಆ ಒಂದು ಉಸಿರೇ ಕಷ್ಟ. ಹಣದ ವ್ಯವಹಾರ, ಔಷಧಿ, ಡಾಕ್ಟರ್ ಹೇಳಿದ್ದು, ಇಂಥ ವಿಷಯಗಳಲ್ಲಿ ತಿದ್ದಲೇಬೇಕಾಗುತ್ತದೆ, ಅಲ್ಲಿ ತಿದ್ದಿ.

ಪಕ್ಕವಾದ್ಯದ ಇನ್ನೊಂದು ತುದಿ ಪೂರ್ತಿ ಸರಿದು ನಿಲ್ಲುವುದು. 1957ರಲ್ಲಿ ಫೈವ್ ಸ್ಪಾಟ್‌ನಲ್ಲಿ ಕೋಲ್ಟ್ರೇನ್ ಸೋಲೋ ನುಡಿಸುವಾಗ ಮಂಕ್ ಪಿಯಾನೊ ಬಿಟ್ಟು ಎದ್ದು, ವೇದಿಕೆಯ ಮೇಲೆ ತಮ್ಮಷ್ಟಕ್ಕೆ ಕುಣಿಯುತ್ತಿದ್ದರಂತೆ. ಹಿಂದೆ ಬೇಸ್ ಮತ್ತು ಡ್ರಮ್ಸ್ ಮಾತ್ರ. ತಂಡ ಮಂಕ್ ಅವರದ್ದು, ಜನ ಬಂದದ್ದು ಅವರನ್ನು ನೋಡಲು. ಆದರೂ ಜಾಗ ಬಿಟ್ಟುಕೊಟ್ಟರು. ಆಗಷ್ಟೇ ಕತ್ತಲೆಯಿಂದ ಎದ್ದು ಬಂದಿದ್ದ ಮನುಷ್ಯನಿಗೆ ಅಷ್ಟು ಖಾಲಿ ಜಾಗ ಸಿಕ್ಕಿತು. ದೊಡ್ಡವರಾಗಿ ಬೆಳೆದ ಮಕ್ಕಳಿರುವವರು ಇದನ್ನು ಸ್ವಲ್ಪ ಯೋಚಿಸಿ.

ಹಂತ 6: ಬೆನ್ನುಹತ್ತುವುದು

ಮೂರನೇ ಭಾಗ ಅತಿ ಉದ್ದದ್ದು, ಹತ್ತು ನಿಮಿಷಕ್ಕೂ ಜಾಸ್ತಿ. ನಮ್ಮ ಕಛೇರಿಯಲ್ಲಿ ತನಿ ಆವರ್ತನ ಕೊನೆಯ ಹೊತ್ತಿಗೆ ಬರುತ್ತದೆ. ಇಲ್ಲಿ ಡ್ರಮ್ಸ್ ತನಿಯಿಂದಲೇ ಶುರು. ವೇಗ ಹೆಚ್ಚು. ಇದರ ಹೊತ್ತಿಗೆ ನೀವು ಕೇಳಬೇಕಾದ ಪ್ರಶ್ನೆ: ಇಷ್ಟು ಬಿಡುಬೀಸಾಗಿ ನುಡಿಸಲು ಎಷ್ಟು ಅಭ್ಯಾಸ ಬೇಕು?

ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್ ಅವರನ್ನು ನೋಡಿ. 1959ರಲ್ಲಿ ಅವರಿಗೆ ಮೂವತ್ತು ತುಂಬಿರಲಿಲ್ಲ, ಆಗಲೇ ದೊಡ್ಡ ಹೆಸರು. ತನ್ನ ವಾದನ ಆ ಹೆಸರಿಗೆ ತಕ್ಕಂತಿಲ್ಲ ಅನ್ನಿಸಿ ವೇದಿಕೆ ಬಿಟ್ಟರು. ಅಪಾರ್ಟ್‌ಮೆಂಟ್‌ನಲ್ಲಿ ಅಭ್ಯಾಸ ಮಾಡಿದರೆ ಪಕ್ಕದ ಬಸುರಿ ಹೆಂಗಸಿಗೆ ತೊಂದರೆ ಆಗಬಹುದು ಅಂತ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಗೆ ಹೋಗುತ್ತಿದ್ದರು. ಕೆಳಗೆ ನದಿ, ಪಕ್ಕದಲ್ಲಿ ರೈಲು, ಚಳಿ. 1961ರವರೆಗೆ ಹೀಗೇ ನಡೆಯಿತು. ಮುಂದೆ ಅದೇ ದಶಕದಲ್ಲಿ ಯೋಗ ಕಲಿಯಲು ಮುಂಬೈಯ ಪೊವಾಯಿಯ ಆಶ್ರಮಕ್ಕೂ ಬಂದಿದ್ದರು.

ಹೆಸರಿದ್ದಾಗಲೇ ನಿಲ್ಲಿಸಿ ಕಲಿಯಲು ಹೋಗುವುದು ಎಲ್ಲರಿಗೂ ಆಗುವುದಿಲ್ಲ, ಸಂಸಾರ ಇರುತ್ತದೆ, ಇಎಂಐ ಇರುತ್ತದೆ. ಆದರೆ ಒಂದು ಸೇತುವೆ ಹುಡುಕಿಕೊಳ್ಳಬಹುದು. ಯಾರಿಗೂ ತೊಂದರೆ ಆಗದ, ಯಾರೂ ನೋಡದ ಒಂದು ಜಾಗ, ದಿನಕ್ಕೆ ಅರ್ಧ ಗಂಟೆ. ನನಗೆ ಗೊತ್ತಿರುವ ಒಬ್ಬರು ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ಕೂತು ಗಮಕ ವಾಚನ ಅಭ್ಯಾಸ ಮಾಡುತ್ತಾರೆ.

ಸೋತದ್ದರ ಕಥೆಯೂ ಒಂದು ಬೇಕು. 1959ರ ಮೇ ತಿಂಗಳಲ್ಲಿ ಕೋಲ್ಟ್ರೇನ್ 'ಜಯಂಟ್ ಸ್ಟೆಪ್ಸ್' ರೆಕಾರ್ಡ್ ಮಾಡಿದರು. ಕಾರ್ಡ್‌ಗಳು ಓಡೋಡುತ್ತಾ ಬದಲಾಗುತ್ತವೆ. ಪಿಯಾನೊದಲ್ಲಿ ಟಾಮಿ ಫ್ಲಾನಗನ್, ನುರಿತ ಕಲಾವಿದ. ಕೋಲ್ಟ್ರೇನ್ ಸೋಲೋ ನೀರಿನ ಹಾಗೆ ಹರಿಯುತ್ತದೆ. ಫ್ಲಾನಗನ್ ಸರದಿ ಬಂದಾಗ ತಡವರಿಸುತ್ತಾರೆ, ತುಂಡು ತುಂಡಾಗಿ ನುಡಿಸುತ್ತಾರೆ, ಕೊನೆಗೆ ಬರಿ ಕಾರ್ಡ್‌ಗಳನ್ನು ಒತ್ತಿ ಬಿಡುತ್ತಾರೆ. ಅದು ಹಾಗೇ ಮಾರುಕಟ್ಟೆಗೆ ಬಂತು. ಇವತ್ತಿಗೂ ಜಗತ್ತು ಅದನ್ನೇ ಕೇಳುತ್ತದೆ. 1982ರಲ್ಲಿ, ಕೋಲ್ಟ್ರೇನ್ ತೀರಿಕೊಂಡು ಹೆಚ್ಚುಕಮ್ಮಿ 15 ವರ್ಷಗಳಾದ ಮೇಲೆ, ಕೋಲ್ಟ್ರೇನ್ ನೆನಪಿಗೆ ಫ್ಲಾನಗನ್ ಒಂದು ರೆಕಾರ್ಡ್ ಮಾಡಿದರು. ಅದರಲ್ಲಿ ಅದೇ 'ಜಯಂಟ್ ಸ್ಟೆಪ್ಸ್' ಇದೆ, ಸರಾಗವಾಗಿ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮಧ್ಯದ 23 ವರ್ಷ ನಿಮಗೆ ಕೇಳಿಸುತ್ತದೆ.

ಹಂತ 7: ಮೂರನೇ ವಾರ, ಕೀರ್ತನೆ

ನಾಲ್ಕನೇ ಭಾಗದಲ್ಲಿ ತಾಳ ಇಲ್ಲ. ನಮ್ಮ ಆಲಾಪನೆಯ ಹಾಗೆ ಉಸಿರೇ ಅಳತೆ. ಹಿಂದೆ ಡ್ರಮ್ಸ್ ದೂರದ ಗುಡುಗಿನಂತೆ ಉರುಳುತ್ತದೆ.

ಇಲ್ಲಿ ಸ್ಯಾಕ್ಸೊಫೋನ್ ಓದುತ್ತಿದೆ. ನಿಜವಾಗಿಯೂ. ಕೋಲ್ಟ್ರೇನ್ ಕವರಿನಲ್ಲಿ ಒಂದು ಪ್ರಾರ್ಥನಾ ಪದ್ಯ ಅಚ್ಚು ಮಾಡಿಸಿದ್ದರು. ಈ ಭಾಗದಲ್ಲಿ ಆ ಪದ್ಯವನ್ನೇ, ಅಕ್ಷರಕ್ಕೊಂದು ಸ್ವರದಂತೆ, ವಾದ್ಯದಲ್ಲಿ ಹೇಳುತ್ತಾರೆ. ದೇವರಿಗೆ ಕೃತಜ್ಞತೆ ಹೇಳುವ ಸಾಲು ಮತ್ತೆ ಮತ್ತೆ ಬರುತ್ತದೆ. ಪದ್ಯ ಹುಡುಕಿ, ಎದುರಿಗಿಟ್ಟುಕೊಂಡು, ಬೆರಳಿನಿಂದ ಸಾಲು ಹಿಡಿದು ಕೇಳಿ. ಮೊದಲ ಸಲ ನನಗೆ ಮೈ ಜುಮ್ ಅಂದಿತ್ತು. ಅಲ್ಲಿಯವರೆಗೆ ಬರಿ ಸ್ವರ ಅಂದುಕೊಂಡಿದ್ದೆಲ್ಲ ಮಾತಾಗಿತ್ತು.

ಈಗ ಎರಡನೇ ಹಂತದ ಹಾಳೆ ತೆಗೆಯಿರಿ. ಅದರ ಹಿಂಬದಿಯಲ್ಲಿ ಹತ್ತು ಸಾಲು ಬರೆಯಿರಿ, ಎಲ್ಲವೂ ಕೃತಜ್ಞತೆಯವು. ನಂಬಿಕೆ ಇದ್ದವರು ದೇವರಿಗೆ ಬರೆಯಿರಿ, ಇಲ್ಲದವರು ಮನುಷ್ಯರಿಗೆ ಬರೆಯಿರಿ. 'ಎಲ್ಲರಿಗೂ' ಅಂತ ಬರೆಯಬೇಡಿ. ಯಾರು, ಯಾವಾಗ, ಏನು ಮಾಡಿದರು ಅಂತ ಬರೆಯಿರಿ. ಫೀಸಿಗೆ ದುಡ್ಡಿಲ್ಲದಾಗ ಸರ ಅಡವಿಟ್ಟ ಅತ್ತೆ. ಜ್ವರ ಬಂದಾಗ ಗಂಜಿ ತಂದ ಪಕ್ಕದ ಮನೆಯವರು. ನಂತರ ಒಂದು ಸಾಲಿಗೆ ಒಂದು ಉಸಿರಿನಂತೆ, ಗಟ್ಟಿಯಾಗಿ, ಓದಿ. ಅವಸರ ಬೇಡ. ಏಳು ದಿನ, ದಿನಕ್ಕೊಮ್ಮೆ. ಮೂರನೇ ದಿನ ಒಂದೆರಡು ಸಾಲು ಸುಳ್ಳು ಅನ್ನಿಸುತ್ತವೆ, ಅವನ್ನು ಹೊಡೆದುಹಾಕಿ. ಬಿಟ್ಟುಹೋದ ಒಂದೆರಡು ಹೆಸರು ನೆನಪಾಗುತ್ತವೆ.

ಹಂತ 8: 'ಅಲಬಾಮಾ' ಕೇಳದೆ ಮುಗಿಸಬೇಡಿ

ಇಲ್ಲಿಯವರೆಗೆ ಬಂದವರಿಗೆ ಒಂದು ಅಪಾಯ ಇದೆ. ಈ ಸಂಗೀತವನ್ನು ಮನಸ್ಸು ಹಗುರ ಮಾಡುವ ಔಷಧಿ ಅಂತ ಮಾತ್ರ ತೆಗೆದುಕೊಂಡುಬಿಡುವುದು. ಇದನ್ನು ಕಟ್ಟಿದವರು ಅಮೆರಿಕದ ಕಪ್ಪು ಜನ, ಗುಲಾಮಗಿರಿಯ ಮೊಮ್ಮಕ್ಕಳು. ಇದರ ಪ್ರಾರ್ಥನೆ ಅವರ ಚರ್ಚಿನಿಂದ ಬಂದದ್ದು, ನೋವು ಅವರ ಬೀದಿಯಿಂದ ಬಂದದ್ದು.

1963ರ ಸೆಪ್ಟೆಂಬರ್ 15, ಭಾನುವಾರ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಚರ್ಚೊಂದರಲ್ಲಿ ಬಿಳಿಯ ಜನಾಂಗದ್ವೇಷಿಗಳು ಇಟ್ಟ ಬಾಂಬಿಗೆ ನಾಲ್ವರು ಹುಡುಗಿಯರು ಸತ್ತರು. ಮೂವರಿಗೆ 14, ಒಬ್ಬಳಿಗೆ 11 ವರ್ಷ. ಎರಡು ತಿಂಗಳ ನಂತರ, ನವೆಂಬರ್ 18ರಂದು, ಇದೇ ನಾಲ್ವರು ಕಲಾವಿದರು 'ಅಲಬಾಮಾ' ರೆಕಾರ್ಡ್ ಮಾಡಿದರು. ಐದು ನಿಮಿಷದ್ದು. ಸ್ಯಾಕ್ಸೊಫೋನ್ ಸಾವಿನ ಮನೆಯಲ್ಲಿ ಮಾತಾಡುವ ಹಿರಿಯರ ಹಾಗೆ, ಒಂದು ಮಾತು ಆಡಿ ನಿಲ್ಲುತ್ತದೆ. ಪಿಯಾನೊ ಕೆಳಗೆ ಮೊರೆಯುತ್ತದೆ.

ಇದನ್ನು ಕೇಳಿದ ಮರುದಿನ 'ಎ ಲವ್ ಸುಪ್ರೀಮ್' ಕೇಳಿ. ಅಲ್ಲಿನ ಪ್ರೀತಿ ಏನೂ ಗೊತ್ತಿಲ್ಲದವನ ಪ್ರೀತಿ ಅಲ್ಲ ಅಂತ ಆಗ ತಿಳಿಯುತ್ತದೆ. ನಮ್ಮ ಊರಿನಲ್ಲಿ ಯಾರ ಮಕ್ಕಳಿಗೆ ದೇವಸ್ಥಾನದ ಬಾಗಿಲು ಇನ್ನೂ ಮುಚ್ಚಿದೆ ಅನ್ನುವ ಪ್ರಶ್ನೆಯನ್ನು ಬದಿಗಿಟ್ಟು ಈ ರೆಕಾರ್ಡಿನಿಂದ ಶಾಂತಿ ಪಡೆಯುವುದು ನನಗೆ ಸರಿ ಕಾಣುವುದಿಲ್ಲ.

ಮೂರು ವಾರ ಆದ ಮೇಲೆ

ಒಂದು ತಿಂಗಳು ಈ ರೆಕಾರ್ಡ್ ಕೇಳಬೇಡಿ. ಅತಿಯಾದರೆ ಕಿವಿ ಜಡವಾಗುತ್ತದೆ.

ಆ ಮಧ್ಯೆ ಕೇಳಲು ನಮ್ಮವರದ್ದೇ ಎರಡು ಹೇಳುತ್ತೇನೆ. ಬಂಟ್ವಾಳ ತಾಲೂಕಿನ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ನೋಡಿ ಮರುಳಾದವರು, ಆ ಲೋಹದ ವಾದ್ಯದಿಂದ ಗಮಕ ತೆಗೆದವರು. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ಅವರು ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಎರಡು ಸ್ಯಾಕ್ಸೊಫೋನ್, ಎರಡು ಮನೆತನ.

ಇನ್ನೊಂದು 1983ರ 'ಜ್ಯೋತಿ'. ಅಮೆರಿಕದ ಚಾರ್ಲಿ ಮರಿಯಾನೊ ಅವರ ಸ್ಯಾಕ್ಸೊಫೋನ್, ಜೊತೆಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಕಂಠ. ಇದನ್ನು ರಾತ್ರಿ ಕೇಳಿ, ಇಯರ್‌ಫೋನ್ ಹಾಕಿಕೊಂಡು. ರಮಾಮಣಿ ಒಂದು ಸಾಲು ಹಾಡಿ ಬಿಟ್ಟಾಗ ಮರಿಯಾನೊ ಎಷ್ಟು ಹೊತ್ತು ಕಾಯುತ್ತಾರೆ ಅಂತ ಎಣಿಸಿ ನೋಡಿ.